ಮಂಜಮ್ಮ ಜೋಗತಿ ಮತ್ತು ನಮ್ಮ ದಮಯಂತಿ

ಭಾನುವಾರದ ಸಂಜೆ ಮಾಟುಂಗದಲ್ಲಿ ನಾವು ಏಳೆಂಟು ಮಂದಿ ಸೇರುವ ಕೋಣೆಗೆ ಎರಡು ಕಿಟಕಿಗಳು. ಒಂದರಿಂದ ಹೂವಿನ ಮಾರುಕಟ್ಟೆಯ ಕಂಪು ಬರುತ್ತದೆ, ಇನ್ನೊಂದರಿಂದ ಮಧ್ಯರೈಲ್ವೆಯ ಸದ್ದು. ಲೋಕಲ್ ಗಾಡಿ ಹಾದುಹೋಗುವಾಗ ಮಾತನಾಡುತ್ತಿರುವವರು ವಾಕ್ಯದ ನಡುವೆಯೇ ನಿಲ್ಲಬೇಕು. ಗಾಡಿ ದಾಟಿದ ಮೇಲೆ ಬಿಟ್ಟಲ್ಲಿಂದ ಹಿಡಿಯಬೇಕು. ಇಷ್ಟು ವರ್ಷಗಳಲ್ಲಿ ಈ ಬಗೆಯ ಮೌನಗಳು ನಮಗೆ ಅಭ್ಯಾಸವಾಗಿಬಿಟ್ಟಿವೆ. ಎಲ್ಲ ಮೌನಗಳಿಗೂ ರೈಲುಗಾಡಿ ಕಾರಣವಲ್ಲವೆಂಬುದು ಹೊಳೆದದ್ದು ಮಾತ್ರ ಈಚೆಗೆ.

ಬಳಗದ ಅತ್ಯಂತ ಕಿರಿಯ ಸದಸ್ಯೆ ಒಂದು ಭಾನುವಾರ ‘ಅನೇಕ ರಂಗಗಳ ಮೇಲೆ ಒಬ್ಬ ಕಲಾವಿದ’ ಎಂಬ ವಿಷಯದ ಮೇಲೆ ಮಾತನಾಡುವೆನೆಂದಾಗ ನಾವೆಲ್ಲ ಕಾರಂತರ ಮೇಲೆಯೋ ಗುಬ್ಬಿ ವೀರಣ್ಣನವರ ಮೇಲೆಯೋ ಇರಬಹುದೆಂದುಕೊಂಡು ಹೋಗಿ ಕುಳಿತೆವು. ಅವಳು ಆರಿಸಿಕೊಂಡದ್ದು ರಿಕಿ ಮಾರ್ಟಿನ್‌ನನ್ನು. ಹಿರಿಯರಲ್ಲಿ ಇಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಸರು ತಿಳಿಯದಿದ್ದರೂ ಹಾಡು ನಮಗೆ ತಿಳಿದಿತ್ತು. 1998ರ ಫುಟ್‌ಬಾಲ್ ವಿಶ್ವಕಪ್ಪಿನದು. ಮರುವರ್ಷ ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಅದನ್ನು ಕಿಂಗ್ಸ್ ಸರ್ಕಲ್ಲಿನ ತನಕ ಊದಿಕೊಂಡು ಹೋಗಿದ್ದರು. ವಿಘ್ನೇಶ್ವರನಿಗೆ ಯಾವ ರಾಗವೂ ವರ್ಜ್ಯವಲ್ಲವಷ್ಟೆ.

ಅವಳು ಹೇಳಿದ ಕಥೆ ಸ್ವಾರಸ್ಯವಾಗಿಯೇ ಇತ್ತು. ಪೋರ್ಟೊ ರಿಕೋ ದ್ವೀಪದ ಸಾನ್ ಹುವಾನ್‌ನಲ್ಲಿ 1971ರಲ್ಲಿ ಹುಟ್ಟಿದ ಹುಡುಗ 1984ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ‘ಮೆನುಡೊ’ ಎಂಬ ಬಾಲಕರ ಗಾನಮೇಳ ಸೇರಿದ. ಅಲ್ಲಿಂದ ಮೆಕ್ಸಿಕೋದ ಧಾರಾವಾಹಿಗಳು, ಅಮೆರಿಕದ ಟೀವಿ, 1996ರಲ್ಲಿ ಬ್ರಾಡ್‌ವೇಯ ‘ಲೆ ಮಿಸರಾಬ್ಲ್’. 1999ರ ಹೊತ್ತಿಗೆ ಜಗತ್ತಿನ ಯಾವ ಮೂಲೆಗೆ ಹೋದರೂ ಅವನ ಧ್ವನಿ. ಹೆಣ್ಣುಮಕ್ಕಳು ಮರುಳಾಗಬೇಕೆಂದೇ ರೂಪಿಸಿದ್ದ ಪ್ರತಿಮೆ ಅದು. ಆ ಪ್ರತಿಮೆಯ ಒಳಗೆ ಅವನು ತಾನು ಗಂಡಸರನ್ನು ಪ್ರೀತಿಸುವವನೆಂಬ ಸತ್ಯವನ್ನು ಮುಚ್ಚಿಟ್ಟುಕೊಂಡೇ ಹಾಡುತ್ತಿದ್ದ. 2000ದಲ್ಲಿ ಬಾರ್ಬರಾ ವಾಲ್ಟರ್ಸ್ ಎಂಬ ಸಂದರ್ಶಕಿ ಟೀವಿಯಲ್ಲಿ ಅದನ್ನೇ ಕೆದಕಿ ಕೆದಕಿ ಕೇಳಿದಳು, ಅವನು ಜಾರಿಕೊಂಡ. ಹಾಗೆ ಕೇಳಬಾರದಿತ್ತೆಂದು ಆಕೆಯೇ ಮುಂದೆ ಒಪ್ಪಿಕೊಂಡಳು. ಕೊನೆಗೆ 2010ರ ಮಾರ್ಚಿನಲ್ಲಿ ಅವನು ತಾನಾಗಿಯೇ ಲೋಕಕ್ಕೆ ಹೇಳಿದ. ಹೇಳಿದ ಮೇಲೆ ಬಾಳು ಮುಗಿಯಲಿಲ್ಲ. 2012ರಲ್ಲಿ ಬ್ರಾಡ್‌ವೇಯ ‘ಎವಿಟಾ’ದಲ್ಲಿ ಚೇ ಪಾತ್ರ, ಮತ್ತಷ್ಟು ವರ್ಷಗಳ ಬಳಿಕ ಕೊಲೆಯಾದ ವಸ್ತ್ರವಿನ್ಯಾಸಕ ವೆರ್ಸಾಚೆಯ ಕಥೆಯ ಧಾರಾವಾಹಿಯಲ್ಲಿ ಅವನ ಸಂಗಾತಿಯ ಪಾತ್ರ, ಅದಕ್ಕೆ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ. ಮುಚ್ಚಿಟ್ಟುಕೊಂಡಿದ್ದುದನ್ನೇ ಅವನು ಕೊನೆಗೆ ವೇಷವಾಗಿ ತೊಟ್ಟ.

ಮಾತು ಮುಗಿದ ಮೇಲೆ ನಮ್ಮ ಬಳ್ಳಾರಿ ಕಡೆಯ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟು ದೂರ ಯಾಕ್ ಹೋದಿ ತಂಗಿ? ನಮ್ಮ ಕುರುಗೋಡು ಸೀಮ್ಯಾಗ ಕಲ್ಲುಕಂಬ ಅಂತ ಊರೈತಿ, ಗೊತ್ತೇನು?” ಎಂದರು. ಅವಳಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹಲವರಿಗೆ ಆ ಊರಿನ ಹೆಸರು ಗೊತ್ತಿಲ್ಲದಿದ್ದರೂ ಆ ಊರಿನ ಒಬ್ಬರ ಹೆಸರು ಗೊತ್ತಿತ್ತು. ಮುಂದಿನ ಮೂರು ಭಾನುವಾರಗಳು ಮಂಜಮ್ಮ ಜೋಗತಿಯವರಿಗೆ ಮೀಸಲಾದವು.

ಮೊದಲೇ ಒಂದು ಮಾತು. ರಿಕಿ ಮಾರ್ಟಿನ್ ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವನು. ಮಂಜಮ್ಮನವರು ಗಂಡೆಂದು ಹೆಸರಿಟ್ಟ ದೇಹದಲ್ಲಿ ಹುಟ್ಟಿದ ಹೆಣ್ಣು. ಇವೆರಡೂ ಒಂದೇ ಅಲ್ಲ. ನಮ್ಮ ಹಳೆಯ ಮಾತುಕತೆಗಳಲ್ಲಿ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ನಕ್ಕವರು ನಾವು. ಆದರೂ ಆ ಹಿರಿಯರು ಒಂದರಿಂದ ಇನ್ನೊಂದಕ್ಕೆ ಹಾರಿದ್ದರಲ್ಲಿ ಅರ್ಥವಿತ್ತು. ಅವನಿಗೆ ಮುಚ್ಚಿಟ್ಟುಕೊಳ್ಳುವುದು ಸಾಧ್ಯವಿತ್ತು, ಅದರಿಂದ ಲಾಭವೂ ಇತ್ತು, ನೋವೂ ಇತ್ತು. ಇವರಿಗೆ ಮುಚ್ಚಿಡಲು ಆಗಲೇ ಇಲ್ಲ. ನಡಿಗೆಯಲ್ಲಿ, ಸೊಂಟಕ್ಕೆ ಸುತ್ತಿಕೊಂಡ ಟವೆಲಿನಲ್ಲಿ, ಹುಡುಗಿಯರ ಜೊತೆಗಿನ ಆಟದಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಕಂಡದ್ದೇ ಅಪರಾಧವಾಯಿತು.

ಕಲ್ಲುಕಂಬದ ಶೆಟ್ಟರ ದೊಡ್ಡ ಸಂಸಾರದಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಮಂಜುನಾಥ. ಹದಿಹರೆಯ ಬರುತ್ತಿದ್ದಂತೆ ಮನೆಯವರಿಗೆ ದಿಗಿಲಾಯಿತು. ದೇವರು, ದಿಂಡರು, ಹೊಡೆತ ಎಲ್ಲ ಆದವು. ಕೊನೆಗೆ ತುಂಗಭದ್ರೆಯ ದಂಡೆಯ ಹುಲಿಗಿಯಲ್ಲಿ, ಹುಲಿಗೆಮ್ಮನ ಗುಡಿಯಲ್ಲಿ, ಜೋಗಪ್ಪನ ದೀಕ್ಷೆ. ಆ ವಿಧಿಯಲ್ಲಿ ಉಡಿದಾರವನ್ನು ಹರಿಯುತ್ತಾರೆ, ಮುತ್ತು ಕಟ್ಟುತ್ತಾರೆ, ಸೀರೆ ಉಡಿಸಿ ಬಳೆ ತೊಡಿಸುತ್ತಾರೆ. ಅಂದು ತಾಯಿ ತನ್ನ ಮಗ ಸತ್ತನೆಂದು ಅತ್ತದ್ದನ್ನು ಮಂಜಮ್ಮನವರು ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಉಡಿದಾರದ ಬಗ್ಗೆ ನಮ್ಮ ಹಿರಿಯರು ವಿವರಿಸಿದ್ದು ನಮ್ಮ ಮನಸ್ಸಿನಿಂದ ಹೋಗದು. ಗಂಡುಮಗುವಿನ ಸೊಂಟಕ್ಕೆ ಹುಟ್ಟಿದ ಕೆಲವೇ ದಿನಗಳಲ್ಲಿ ಕಟ್ಟುವ ದಾರ ಅದು. ಅವರ ಕಡೆ ಅದನ್ನು ಹರಿಯುವುದು ಸತ್ತಾಗ. ಒಂದು ದಾರ ಕತ್ತರಿಸಿ ಬದುಕಿರುವವರನ್ನು ಸತ್ತವರ ಲೆಕ್ಕಕ್ಕೆ ಬರೆದುಬಿಡುವ ಜಾಣತನ ನಮ್ಮ ಸಮಾಜಕ್ಕಿತ್ತು. ಹಾಗೆ ಬರೆದ ಮೇಲೆ ಅವರಿಗೆ ಕೈಮುಗಿಯುವ ಜಾಣತನವೂ ಇತ್ತು.

“ನಮ್ಮ ಮನಿ ಮುಂದ ಜೋಗಪ್ಪ ಬಂದು ನಿಂತ್ರ ನಮ್ಮವ್ವ ಮರದಾಗ ಜೋಳ ತುಂಬ್ಕೊಂಡು ಹೊರಗ ಬರಾಕಿ. ಭಂಡಾರ ಹಚ್ಚಿಸ್ಕೊಳ್ಳಾಕಿ. ಒಳಗ ಬಾ ಅಂದದ್ದು ಮಾತ್ರ ನಾ ಒಮ್ಮಿನೂ ಕೇಳಿಲ್ಲ” ಎಂದರು ಹಿರಿಯರು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಜೋಗಪ್ಪಂದಿರಿಗೆ ನಮ್ಮ ಸಂಸ್ಕೃತಿ ಸ್ಥಾನ ಕೊಟ್ಟಿದೆಯೆಂದು ಅಭಿಮಾನದಿಂದ ಹೇಳುವವರುಂಟು. ನಾವೂ ಒಂದು ಕಾಲಕ್ಕೆ ಹೇಳಿದವರೇ. ಸ್ಥಾನ ಕೊಟ್ಟದ್ದು ನಿಜ. ಆ ಸ್ಥಾನ ಹೊಸ್ತಿಲ ಹೊರಗಿತ್ತು.

ದೀಕ್ಷೆಯ ಅನಂತರದ ವರ್ಷಗಳನ್ನು ನಾವು ಇಲ್ಲಿ ವಿಸ್ತರಿಸುವುದಿಲ್ಲ. ಮಂಜಮ್ಮನವರು ವಿಷ ಕುಡಿದು ಬದುಕಿ ಉಳಿದರು. ಮನೆ ಬಿಟ್ಟರು. ಸೀರೆಯುಟ್ಟು ಭಿಕ್ಷೆ ಬೇಡಿದರು. ದಾರಿಯಲ್ಲಿ ಗಂಡಸರ ಗುಂಪೊಂದು ದೋಚಿ ಅತ್ಯಾಚಾರವೆಸಗಿತು. ಇವನ್ನೆಲ್ಲ ಅವರೇ ಸಭೆಗಳಲ್ಲಿ, ಕೆಮರಾದ ಮುಂದೆ, ಧ್ವನಿ ನಡುಗಿಸದೆ ಹೇಳಿದ್ದಾರೆ. ಅರುಣ್ ಜೋಳದಕೂಡ್ಲಿಗಿಯವರು ಅವರ ಬಾಯಿಂದ ಕೇಳಿ ಬರೆದುಕೊಂಡ ‘ನಡುವೆ ಸುಳಿವ ಹೆಣ್ಣು’ ಎಂಬ ಆತ್ಮಕಥೆಯಿದೆ. ದಾಸಿಮಯ್ಯನ ವಚನವೊಂದನ್ನು ತಟ್ಟನೆ ನೆನಪಿಸುವ ಆ ಹೆಸರು ನೋಡಿದಾಗ, ಒಂಬತ್ತು ಶತಮಾನಗಳಿಂದ ಈ ನಾಡು ಆ ವಚನವನ್ನು ತಲೆದೂಗುತ್ತ ಓದಿಕೊಂಡು ಬಂದೂ ಕಲ್ಲುಕಂಬದ ಒಂದು ಮಗುವಿಗೆ ಅದನ್ನು ಅನ್ವಯಿಸಲಾರದೆ ಹೋಯಿತಲ್ಲ ಎಂದು ನಮಗೆ ನಾಚಿಕೆಯಾಯಿತು.

ತಿರುವು ಬಂದದ್ದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಸಾಯಬೇಕೆಂಬ ಯೋಚನೆ ಮತ್ತೆ ತಲೆಯಲ್ಲಿ ಸುತ್ತುತ್ತಿದ್ದ ದಿನಗಳವು. ಅಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮನವರು ನಿಂತು ನೋಡಿದರು. ಆಮೇಲೆ ಅವರ ಹಿಂದೆಯೇ ಹೋಗಿ ಅವರಿಂದಲೇ ಕಲಿತರು. ಅವರ ಮೊದಲ ರಂಗಸ್ಥಳ ಇದೆಂದು ನಾವು ಎಣಿಸುತ್ತೇವೆ: ಟಿಕೆಟ್ಟಿಲ್ಲದ, ಪರದೆಯಿಲ್ಲದ ಬಸ್ ನಿಲ್ದಾಣ, ಗಾಡಿ ಬಂದರೆ ಅರ್ಧಕ್ಕೇ ಎದ್ದುಹೋಗುವ ಪ್ರೇಕ್ಷಕರು.

ಜೋಗತಿ ನೃತ್ಯವನ್ನು ನೋಡದವರಿಗಾಗಿ ಎರಡು ಮಾತು. ಚೌಡಿಕೆ, ಶ್ರುತಿ, ತಾಳ: ಹಿಮ್ಮೇಳ ಇಷ್ಟೇ. ಚೌಡಿಕೆ ತಂತಿವಾದ್ಯವೂ ಹೌದು, ಚರ್ಮವಾದ್ಯವೂ ಹೌದು; ಬಗಲಲ್ಲಿ ಅಮುಕಿ ಹಿಡಿದು ಮೀಟಿದರೆ ಗುಂಯ್‌ಗುಟ್ಟುವ ನಾದ ಏರುತ್ತ ಇಳಿಯುತ್ತ ಹಾಡಿನ ಜೊತೆಗೆ ಹೋಗುತ್ತದೆ. ತಲೆಯ ಮೇಲೆ ಎಲ್ಲಮ್ಮನ ಮೂರ್ತಿಯನ್ನು ಇಟ್ಟು ಸಿಂಗರಿಸಿದ ಕೊಡ. ಅದಕ್ಕೆ ಕೈ ಹಚ್ಚುವಂತಿಲ್ಲ. ಕೂರಬೇಕು, ಏಳಬೇಕು, ಬಾಗಬೇಕು, ಗಿರಕಿ ಹೊಡೆಯಬೇಕು; ಕೊಡ ಕದಲಬಾರದು. ದೇಹವೆಲ್ಲ ಚಲಿಸುತ್ತಿರುವಾಗ ಕತ್ತು ಮಾತ್ರ ಬೇರೊಬ್ಬರದೆಂಬಂತೆ ನಿಶ್ಚಲ. ಇದು ಭಕ್ತಿಯೋ ಕಸರತ್ತೋ ಎಂದು ನಮ್ಮಲ್ಲೊಬ್ಬರು ಕೇಳಿದರು. ಹೊಟ್ಟೆಪಾಡೂ ಹೌದೆಂದು ಇನ್ನೊಬ್ಬರು ಸೇರಿಸಿದರು. ಯಾವುದೊಂದನ್ನು ತೆಗೆದರೂ ಕೊಡ ಬೀಳುತ್ತದೆಂದು ನಮಗೆ ತೋರುತ್ತದೆ.

ಆಮೇಲೆ ಕಾಳವ್ವ ಜೋಗತಿಯವರ ಮೇಳ. ಊರೂರು ತಿರುಗುವ ಬದುಕು, ಗುಡಿಯ ಮುಂದಿನ ಅಂಗಳ, ಜಾತ್ರೆ, ರಾತ್ರಿಯ ಆಟ. ಕಾಳವ್ವನವರು ತೀರಿಕೊಂಡ ಬಳಿಕ ಮೇಳದ ಹೊಣೆ ಮಂಜಮ್ಮನವರ ಹೆಗಲಿಗೆ ಬಂತು. ಭಿಕ್ಷೆಯ ಹಾಡನ್ನು ಅವರು ವೇದಿಕೆಯ ಕಲೆಯನ್ನಾಗಿ ಮಾಡಿದರು. ಹಾಗೆ ಮಾಡಿದ್ದರಿಂದ ಕಲೆಯ ದೈವಿಕತೆ ಕೆಟ್ಟಿತೆಂದು ಕೊರಗುವ ಪಂಡಿತರುಂಟು. ಹೊಸ್ತಿಲ ಹೊರಗೆ ನಿಂತು ಜೋಳಕ್ಕಾಗಿ ಮೊರವೊಡ್ಡುವುದರಲ್ಲಿ ದೈವಿಕತೆ ಎಷ್ಟಿತ್ತೆಂಬುದನ್ನು ಆ ಪಂಡಿತರು ಒಮ್ಮೆ ನಿಂತು ನೋಡಬೇಕಿತ್ತು. ವೇದಿಕೆ ಹತ್ತಿದ ಮೇಲೆ ಕಲಾವಿದೆ ಮೇಲಿರುತ್ತಾಳೆ, ನೋಡುವವರು ಕೆಳಗಿರುತ್ತಾರೆ. ಈ ಎರಡು ಮೂರು ಅಡಿ ಎತ್ತರ ಸಣ್ಣದಲ್ಲ.

ರಿಕಿ ಮಾರ್ಟಿನ್ ತನ್ನ ಮಾತನ್ನು ಲೋಕಕ್ಕೆ ಹೇಳಿದ 2010ರಲ್ಲೇ ಮಂಜಮ್ಮನವರಿಗೆ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂತು. ಬರಿಯ ಕಾಕತಾಳೀಯ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚುವುದು ಬೇಡ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲ ಲಿಂಗಪರಿವರ್ತಿತ ಮಹಿಳೆ. 2021ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಗಿ, ಅದೇ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರದಾನವಾಯಿತು. ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ಕೈಮುಗಿಯುವುದಕ್ಕೆ ಮೊದಲು ಸೆರಗಿನಿಂದ ಅವರ ದೃಷ್ಟಿ ನಿವಾಳಿಸಿದ ಆ ಕೆಲವು ಕ್ಷಣಗಳನ್ನು ದೇಶವೇ ನೋಡಿತು. ಎಲ್ಲರ ಮೊಬೈಲಿನಲ್ಲೂ ಅದೇ ತುಣುಕು. ನಮಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೂ ಈಗ ಯೋಚಿಸಿದರೆ, ಆ ತುಣುಕು ಅಷ್ಟು ಸುಲಭವಾಗಿ ಎಲ್ಲರಿಗೂ ಹಿಡಿಸಿದ್ದು ಅಲ್ಲಿ ಜೋಗತಿ ತನ್ನ ಹಳೆಯ ಕೆಲಸವನ್ನೇ, ಹರಸುವ ಕೆಲಸವನ್ನೇ, ಮಾಡುತ್ತಿದ್ದರೆಂಬುದಕ್ಕಾಗಿ ಇರಬಹುದೆ? ಬೆಂಗಳೂರಿನ ಕನ್ನಡ ಭವನದಲ್ಲಿ ಕಡತಗಳ ಮುಂದೆ ಕುಳಿತು ಯಾರಿಗೆ ಪ್ರಶಸ್ತಿ, ಯಾರಿಗೆ ನೆರವು ಎಂದು ತೀರ್ಮಾನಿಸುತ್ತಿದ್ದ ಮಂಜಮ್ಮನವರ ಚಿತ್ರವನ್ನು ಯಾರೂ ಹಂಚಿಕೊಳ್ಳಲಿಲ್ಲ. ನಮ್ಮ ಪಾಲಿಗೆ ಅವರು ಏರಿದ ರಂಗಗಳಲ್ಲೆಲ್ಲ ಕಡಿದಾದದ್ದು ಆ ಕುರ್ಚಿ.

ಅವರದೇ ಜಿಲ್ಲೆಯ ಸಂಡೂರಿನ ವಸುಧೇಂದ್ರರು ‘ಮೋಹನಸ್ವಾಮಿ’ ಪ್ರಕಟಿಸಿದ್ದು 2013ರಲ್ಲಿ. ತಾವು ಸಲಿಂಗಪ್ರೇಮಿಯೆಂದು ಕನ್ನಡದ ಕಥೆಗಾರರೊಬ್ಬರು ಹೇಳಿಕೊಂಡದ್ದು ನಮ್ಮ ಓದಿನ ಲೋಕವನ್ನು ಅಲುಗಿಸಿತು. ಆ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟು 2009ರಲ್ಲಿ ಕೊಟ್ಟಿದ್ದ ತೀರ್ಪನ್ನು ತಳ್ಳಿಹಾಕಿ, 377ನೆಯ ಕಲಮನ್ನು ಮತ್ತೆ ಎತ್ತಿಹಿಡಿಯಿತು. ಅದು ಸಡಿಲವಾದದ್ದು 2018ರ ಸೆಪ್ಟೆಂಬರ್ 6ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟ ಮೊದಲ ಅರ್ಜಿದಾರ ನವತೇಜ್ ಸಿಂಗ್ ಜೋಹರ್ ಭರತನಾಟ್ಯ ಕಲಾವಿದರೆಂಬುದನ್ನು ನಮ್ಮ ಕಿರಿಯ ಸದಸ್ಯೆ ನೆನಪಿಸಿದಳು. ನಮ್ಮ ಮುಂಬಯಿಯಲ್ಲೇ ಇರುವ, ಮಂಡ್ಯದಲ್ಲಿ ಹುಟ್ಟಿದ ಶ್ರೀಧರ್ ರಂಗಾಯನರ ಸಂಗತಿಯೂ ಬಂತು. ಹೆಣ್ಣುವೇಷದ ಕಲಾವಿದರ ಮೇಲೆ ಅವರು ಮಾಡಿದ ‘ಗುಲಾಬಿ ಆಯಿನಾ’ ಚಿತ್ರಕ್ಕೆ 2003ರಲ್ಲಿ ಸೆನ್ಸಾರಿನವರು ಪ್ರಮಾಣಪತ್ರ ಕೊಡಲಿಲ್ಲ. ಅವರೇ 2010ರಲ್ಲಿ ಈ ಊರಿನಲ್ಲಿ ‘ಕಶಿಶ್’ ಚಲನಚಿತ್ರೋತ್ಸವವನ್ನು ಆರಂಭಿಸಿ, ಮರೈನ್ ಲೈನ್ಸಿನ ಲಿಬರ್ಟಿಯಂಥ ಹಳೆಯ ಥಿಯೇಟರಿನ ತನಕ ಒಯ್ದರು. ಅವರ ‘ಈವ್ನಿಂಗ್ ಶ್ಯಾಡೋಸ್’ನಲ್ಲಿ ದಕ್ಷಿಣದ ಸಣ್ಣ ಊರಿನ ಒಬ್ಬ ತಾಯಿಗೆ, ಮುಂಬಯಿಯಿಂದ ಬಂದ ಮಗ ತನ್ನ ಸತ್ಯವನ್ನು ಹೇಳುತ್ತಾನೆ. ಹೇಳಲು ಅವನು ಪಡುವ ಪಾಡಿಗಿಂತ ಕೇಳಿಸಿಕೊಳ್ಳಲು ಅವಳು ಪಡುವ ಪಾಡೇ ಆ ಚಿತ್ರದ ಜೀವ.

ಕೇಳಿಸಿಕೊಳ್ಳುವ ಮಾತಿಗೆ ಬಂದೆವಲ್ಲ, ಇನ್ನು ನಮ್ಮದನ್ನು ಮುಂದೂಡುವಂತಿಲ್ಲ.

1980ರ ದಶಕದ ಕೊನೆಯಲ್ಲಿ ನಮ್ಮದೊಂದು ಹವ್ಯಾಸಿ ಯಕ್ಷಗಾನದ ಕೂಟವಿತ್ತು. ಆಗ ನಮಗೆಲ್ಲ ಕಪ್ಪು ಕೂದಲು. ಹೋಟೆಲಿನವರು, ಬ್ಯಾಂಕಿನವರು, ಒಬ್ಬಿಬ್ಬರು ಮೇಷ್ಟ್ರುಗಳು. ರಾತ್ರಿ ಹತ್ತರ ಮೇಲೆ, ಹೋಟೆಲುಗಳ ಬಾಗಿಲು ಮುಚ್ಚಿದ ಬಳಿಕ ಅಭ್ಯಾಸ. ಅಲ್ಲಿಗೆ ಒಬ್ಬ ಹುಡುಗ ಬರುತ್ತಿದ್ದ. ಹಗಲು ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ, ಸಂಜೆ ರಾತ್ರಿಶಾಲೆ. ಮುಟ್ಟಿದರೆ ಮುದುಡುವಂಥ ಮೆದು ಸ್ವಭಾವ. ಆದರೆ ಸೀರೆಯುಟ್ಟು ಬೈತಲೆಬೊಟ್ಟು ಇಟ್ಟು ರಂಗಕ್ಕೆ ಬಂದನೆಂದರೆ ಬೇರೆಯೇ ಜೀವ. ಊರಿನ ಮೇಳಗಳು ಮಳೆಗಾಲದಲ್ಲಿ ಮುಂಬಯಿಗೆ ಬಂದಾಗ ಹೆಸರಾಂತ ಸ್ತ್ರೀವೇಷಗಳನ್ನು ನೋಡಿದವರು ನಾವು. ಅವರ ಸಾಲಿನಲ್ಲಿ ನಿಲ್ಲಬಲ್ಲವನಾಗಿದ್ದ. ಅವನ ದಮಯಂತಿ ಕಾಡಿನಲ್ಲಿ ಎಚ್ಚರಗೊಂಡು, ಪಕ್ಕದಲ್ಲಿ ನಳನಿಲ್ಲವೆಂದು ತಿಳಿದು, ಅರ್ಧ ಹರಿದ ಸೀರೆಯ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡುವ ಗಳಿಗೆಯಿತ್ತು. ಚೆಂಡೆ ನಿಲ್ಲುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತ ಶೆಟ್ಟರು, ಕಾಮತರು, ಹೋಟೆಲಿನ ಹುಡುಗರು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಚೌಕಿಗೆ ಬಂದ ಮೇಲೆ ಕಥೆ ಬೇರೆ. ಬಣ್ಣ ಒರೆಸಿಕೊಂಡರೂ ನಡಿಗೆ ಹಾಗೆಯೇ ಇದೆಯಲ್ಲ ಎಂದು ಒಬ್ಬರು ಅನ್ನುವರು. ನಳ ಯಾರು ಮಾರಾಯ, ನಮಗೂ ಹೇಳು ಎಂದು ಇನ್ನೊಬ್ಬರು. ಎಲ್ಲರೂ ನಗುವರು. ಅವನೂ ನಗುತ್ತಿದ್ದ. ಅವನೂ ನಗುತ್ತಿದ್ದನೆಂಬುದನ್ನೇ ನಾವು ಎಷ್ಟೋ ವರ್ಷ ನಮ್ಮ ಸಮಾಧಾನಕ್ಕೆ ಇಟ್ಟುಕೊಂಡಿದ್ದೆವು. ಆ ನಗೆಯಲ್ಲಿ ಹಗೆತನವಿರಲಿಲ್ಲವೆಂದು ಈಗಲೂ ಹೇಳಬಹುದು, ಹೇಳಿ ಏನು ಪ್ರಯೋಜನ.

ಒಂದು ರಾತ್ರಿ ಆಟ ಮುಗಿದ ಮೇಲೆ, ಎಲ್ಲರೂ ಚಹಾಕ್ಕೆಂದು ಹೊರಗೆ ಹೋದಾಗ, ಅವನು ನಮ್ಮಲ್ಲಿ ಒಬ್ಬರ ಬಳಿ ಬಂದು ನಿಂತ. “ಅಣ್ಣ, ನಿಮ್ಮತ್ರ ಒಂದು ಮಾತು ಹೇಳ್ಲಿಕ್ಕುಂಟು. ಯಾರಿಗೂ ಹೇಳ್ಲಿಲ್ಲ ನಾನು” ಎಂದ. ಗೆಜ್ಜೆ ಇನ್ನೂ ಕಾಲಲ್ಲೇ ಇತ್ತು. ಊರಿನಲ್ಲಿ ಅವನಿಗೆ ಹುಡುಗಿ ನೋಡುತ್ತಿದ್ದಾರೆಂದು ನಮಗೆ ಗೊತ್ತಿತ್ತು. ಏನು ಹೇಳಲು ಬಂದಿದ್ದಾನೆಂಬುದು ಆ ಒಬ್ಬರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಾಗಬಾರದೆಂಬ ಆತುರವಂತೂ ಇತ್ತು. “ನಾಳೆ ಹೇಳು ಮಾರಾಯ, ಈಗ ಗೆಜ್ಜೆ ಬಿಚ್ಚು, ಕೊನೆಯ ಗಾಡಿ ತಪ್ಪೀತು” ಎಂದುಬಿಟ್ಟರು. ಅವನು ಕುಳಿತು ಗೆಜ್ಜೆ ಬಿಚ್ಚಿದ. ಮುಂದಿನ ವಾರ ಅಭ್ಯಾಸಕ್ಕೆ ಬರಲಿಲ್ಲ, ಅದರ ಮುಂದಿನ ವಾರವೂ. ಹೋಟೆಲಿನಲ್ಲಿ ವಿಚಾರಿಸಿದಾಗ ಲೆಕ್ಕ ಚುಕ್ತಾ ಮಾಡಿ ಹೋದನೆಂದರು. ಎಲ್ಲಿಗೆಂದು ಅವರೂ ಕೇಳಿರಲಿಲ್ಲ.

ಆ ಒಬ್ಬರು ಯಾರೆಂದು ಇಲ್ಲಿ ಬರೆಯದೆ ‘ನಾವು’ ಎಂದೇ ಬರೆಯಬೇಕೆಂಬುದು ಬಳಗದ ತೀರ್ಮಾನ. ಅಂದು ಆ ಮಾತು ನಮ್ಮಲ್ಲಿ ಯಾರ ಬಳಿಗೆ ಬಂದಿದ್ದರೂ ಉತ್ತರ ಅದೇ ಆಗುತ್ತಿತ್ತು. ನಾವು ಅವಸರದ ಮನುಷ್ಯರಾಗಿರಲಿಲ್ಲ; ಅಡಿಗರ ಒಂದು ಸಾಲಿನ ಮೇಲೆ ಎರಡು ಗಂಟೆ ಜಗಳಾಡಬಲ್ಲವರಾಗಿದ್ದೆವು.

ಕಲ್ಲುಕಂಬದ ಮಗುವನ್ನು ಹೊಡೆದವರ ಬಗ್ಗೆ, ಉಡಿದಾರ ಹರಿದವರ ಬಗ್ಗೆ ಓದುವಾಗ ನಮಗೆ ಸಿಟ್ಟು ಬರುತ್ತಿತ್ತು. ಎರಡನೆಯ ಭಾನುವಾರದ ಹೊತ್ತಿಗೆ ಆ ಸಿಟ್ಟನ್ನು ಯಾರ ಮೇಲೆ ಇಡುವುದೆಂದು ತಿಳಿಯದಾಯಿತು. ಅವರು ಓದು ಬರಹ ಕಡಿಮೆಯಿದ್ದ ಹಳ್ಳಿಯವರು, ದಿಗಿಲುಬಿದ್ದವರು. ನಮ್ಮ ಕೋಣೆಯ ಗೋಡೆಗೆ ಪುಸ್ತಕದ ಕಪಾಟುಗಳಿವೆ.

2021ರ ನವೆಂಬರಿನ ಆ ದಿನ ಮಂಜಮ್ಮನವರ ತುಣುಕು ನಮ್ಮ ವಾಟ್ಸಾಪ್ ಗುಂಪಿಗೂ ಬಂದಿತ್ತು. ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿತ್ರ ಹಾಕಿದರು, ಕನ್ನಡದ ಹೆಮ್ಮೆ ಎಂದು ಬರೆದರು. ಅವುಗಳ ನಡುವೆ ಹಳೆಯ ಕೂಟದ ಭಾಗವತರು, ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವವರು, ಆ ಹುಡುಗನ ಹೆಸರನ್ನು ಮಾತ್ರ ಬರೆದರು. ಹಿಂದಿಲ್ಲ, ಮುಂದಿಲ್ಲ, ಬರಿಯ ಹೆಸರು. ಒಂದು ಗಂಟೆಯ ಕಾಲ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಯಾರೋ ಮರುದಿನದ ಉಪನ್ಯಾಸದ ಆಮಂತ್ರಣ ಹಾಕಿದರು, ಮಾತು ಮುಂದಕ್ಕೆ ಹೋಯಿತು.

ಅವನು ಎಲ್ಲಿರುವನೋ. ಮದುವೆಯಾಗಿ ಊರಿನಲ್ಲಿ ಅಡಿಕೆ ಸುಲಿಸುತ್ತಿರಬಹುದು. ಇದೇ ಮುಂಬಯಿಯ ಬೇರೊಂದು ಮೂಲೆಯಲ್ಲಿ ತನಗೆ ಬೇಕಾದವರ ಜೊತೆ ಇರಬಹುದು. ಅವನು ಅಂದು ಹೇಳಲು ಬಂದದ್ದು ನಾವು ಊಹಿಸುವ ಮಾತೇ ಅಲ್ಲದಿರಬಹುದು. ಸಾಲ ಕೇಳಲು ಬಂದಿದ್ದನೆಂದು ನಂಬಲು ನಮ್ಮಲ್ಲಿ ಒಬ್ಬರು ಈಗಲೂ ಪ್ರಯತ್ನಿಸುತ್ತಿದ್ದಾರೆ.

ಮೂರನೆಯ ಭಾನುವಾರ ಭಾಗವತರು ಡೊಂಬಿವಲಿಯಿಂದ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕೂಟದ ಹಳೆಯ ಫೋಟೋ ತಂದಿದ್ದರು. ಆಟ ಮುಗಿದ ಮೇಲೆ ವೇಷ ಕಳಚುವ ಮೊದಲು ತೆಗೆಸಿದ್ದು. ಸಾಲಾಗಿ ನಾವೆಲ್ಲ, ಕಿರೀಟ ಭುಜಕೀರ್ತಿಗಳಲ್ಲಿ. ನಡುವೆ ಅವನು, ಸೀರೆಯ ಸೆರಗನ್ನು ಎಡಗೈಯಲ್ಲಿ ಹಿಡಿದು ನೇರವಾಗಿ ಕೆಮರಾ ನೋಡುತ್ತಿದ್ದಾನೆ. ಕಿರಿಯ ಸದಸ್ಯೆ ಹೆಸರು ತಿಳಿಯಲೆಂದು ಫೋಟೋದ ಬೆನ್ನು ತಿರುಗಿಸಿದಳು. ಎಡದಿಂದ ಬಲಕ್ಕೆ ನಮ್ಮೆಲ್ಲರ ಹೆಸರುಗಳನ್ನೂ, ಊರುಗಳ ಸಮೇತ, ನಮ್ಮಲ್ಲೇ ಯಾರೋ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ಅವನ ಜಾಗದಲ್ಲಿ ‘ದಮಯಂತಿ’ ಎಂದಷ್ಟೇ ಇತ್ತು. ಅವಳು ಪೆನ್ನು ಕೇಳಿದಳು. ಭಾಗವತರು ಹೆಸರು ಹೇಳಿದರು. ಊರು ಯಾವುದೆಂದು ಅವಳು ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಗ ಗಾಡಿಯೇನೂ ಹಾದುಹೋಗುತ್ತಿರಲಿಲ್ಲ.